ಆರ್ಥರ್ ಆಶ್

ಆರ್ಥರ್ ರಾಬರ್ಟ್ ಆಶ್ (ಜುಲೈ 10, 1943 – ಫೆಬ್ರವರಿ 6, 1993) ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಸಿದ್ಧ ಟೆನಿಸ್ ಆಟಗಾರರು, ಲೇಖಕರು ಹಾಗೂ ಮಾನವ ಹಕ್ಕುಗಳ ಹೋರಾಟಗಾರರು. 1968ರಲ್ಲಿ ಮೊದಲ ಬಾರಿಗೆ ನಡೆದ ಯು.ಎಸ್. ಓಪನ್ ಪಂದ್ಯಾವಳಿಯ ಪುರುಷರ ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದವರು ಇವರು. ಮುಂದೆ 1970ರಲ್ಲಿ ಆಸ್ಟ್ರೇಲಿಯನ್ ಓಪನ್ ಮತ್ತು 1975ರಲ್ಲಿ ವಿಂಬಲ್ಡನ್ ಪ್ರಶಸ್ತಿಗಳನ್ನೂ ಪಡೆದರು. ಈ ಮೂರೂ ವಿಜಯಗಳು ಹುಲ್ಲಿನ ಅಂಕಣಗಳ ಮೇಲೆ ದೊರೆತವು. ಈ ಮೂರು ಪಂದ್ಯಾವಳಿಗಳ ಪುರುಷರ ಸಿಂಗಲ್ಸ್ ಗೆದ್ದ ಕಪ್ಪು ಜನಾಂಗದ ಆಟಗಾರ ಇಂದಿಗೂ ಇವರೊಬ್ಬರೇ.

ಜನನ ಮತ್ತು ಬಾಲ್ಯ

ಆಶ್ ಅವರು ವರ್ಜೀನಿಯಾ ರಾಜ್ಯದ ರಿಚ್ಮಂಡ್ ನಗರದಲ್ಲಿ ಜನಿಸಿದರು. ತಂದೆ ಆರ್ಥರ್ ಆಶ್ ಸೀನಿಯರ್, ತಾಯಿ ಮ್ಯಾಟಿ. ಆರು ವರ್ಷದ ಬಾಲಕನಾಗಿದ್ದಾಗಲೇ ಇವರು ತಾಯಿಯನ್ನು ಕಳೆದುಕೊಂಡರು. ಆ ಕಾಲದ ರಿಚ್ಮಂಡ್‌ನಲ್ಲಿ ಶಾಲೆ, ಬಸ್ಸಿನ ಆಸನ, ಉದ್ಯಾನ ಎಲ್ಲವೂ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ ಇದ್ದವು. ತಂದೆಯವರು ಕಪ್ಪು ಜನರಿಗೆಂದೇ ಮೀಸಲಾಗಿದ್ದ ಬ್ರೂಕ್ ಫೀಲ್ಡ್ ಎಂಬ ಉದ್ಯಾನದ ಮೇಲ್ವಿಚಾರಕರಾಗಿದ್ದರು. ಕುಟುಂಬದ ಮನೆಯೂ ಆ ಉದ್ಯಾನದೊಳಗೇ ಇತ್ತು. ಮನೆಯ ಪಕ್ಕದ ಟೆನಿಸ್ ಅಂಕಣದಲ್ಲಿ ರಾನ್ ಚಾರಿಟಿ ಎಂಬ ಯುವ ಆಟಗಾರರು ಬಾಲಕ ಆಶ್‌ಗೆ ಮೊದಲ ಪಾಠಗಳನ್ನು ಹೇಳಿಕೊಟ್ಟರು.

ತರಬೇತಿ ಮತ್ತು ಶಿಕ್ಷಣ

ಚಾರಿಟಿಯವರ ಮೂಲಕ ಆಶ್ ಅವರು ಲಿಂಚ್‌ಬರ್ಗ್ ನಗರದ ವೈದ್ಯ ಡಾ. ರಾಬರ್ಟ್ ವಾಲ್ಟರ್ ಜಾನ್ಸನ್ ಅವರ ಬೇಸಿಗೆ ಶಿಬಿರವನ್ನು ಸೇರಿದರು. ವಿಂಬಲ್ಡನ್ ಗೆದ್ದ ಮೊದಲ ಕಪ್ಪು ಆಟಗಾರ್ತಿ ಆಲ್ಥಿಯಾ ಗಿಬ್ಸನ್ ಅವರಿಗೂ ಜಾನ್ಸನ್ ಮಾರ್ಗದರ್ಶಕರಾಗಿದ್ದರು. ಜಾನ್ಸನ್ ಆಟದ ಜೊತೆಗೆ ಒಂದು ಕಠಿಣ ಶಿಸ್ತನ್ನೂ ಕಲಿಸಿದರು. ತೀರ್ಪುಗಾರರೊಡನೆ ವಾದಿಸಬಾರದು, ಕೋಪವನ್ನು ಮುಖದಲ್ಲಿ ತೋರಬಾರದು, ಚೆಂಡು ಗೆರೆಯಿಂದ ಸ್ವಲ್ಪ ಆಚೆ ಬಿದ್ದರೂ ಒಳಗೆ ಬಿದ್ದಂತೆಯೇ ಭಾವಿಸಿ ಆಡಬೇಕು ಎಂಬುದು ಅವರ ನಿಯಮ. ಬಿಳಿಯರ ಪಂದ್ಯಾವಳಿಗಳಲ್ಲಿ ಆಡುವ ಕಪ್ಪು ಹುಡುಗರನ್ನು ಹೊರಹಾಕಲು ಯಾರಿಗೂ ನೆಪ ಸಿಗಬಾರದೆಂಬುದು ಇದರ ಉದ್ದೇಶ. ಆಶ್ ಅವರ ಶಾಂತ ಸ್ವಭಾವಕ್ಕೆ ಹೀಗೆ ಸಮಾಜದ ಅನ್ಯಾಯವೂ ಒಂದು ಕಾರಣವಾಗಿತ್ತು.

ರಿಚ್ಮಂಡ್‌ನ ಒಳಾಂಗಣ ಅಂಕಣಗಳಲ್ಲಿ ಇವರಿಗೆ ಪ್ರವೇಶವಿರಲಿಲ್ಲ. ಆದ್ದರಿಂದ ಪ್ರೌಢಶಿಕ್ಷಣದ ಕೊನೆಯ ವರ್ಷವನ್ನು ಸೇಂಟ್ ಲೂಯಿಸ್ ನಗರದಲ್ಲಿ ಕಳೆದರು. 1961ರಲ್ಲಿ ವಿದ್ಯಾರ್ಥಿವೇತನ ಪಡೆದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಸೇರಿದರು. 1963ರಲ್ಲಿ ಅಮೆರಿಕದ ಡೇವಿಸ್ ಕಪ್ ತಂಡಕ್ಕೆ ಆಯ್ಕೆಯಾದ ಮೊದಲ ಕಪ್ಪು ಆಟಗಾರರೆನಿಸಿದರು. 1965ರಲ್ಲಿ ರಾಷ್ಟ್ರೀಯ ಅಂತರ ಕಾಲೇಜು ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದರು. 1966ರಲ್ಲಿ ಪದವಿ ಪಡೆದ ನಂತರ ಸೈನ್ಯಕ್ಕೆ ಸೇರಿ ಲೆಫ್ಟಿನೆಂಟ್ ಆಗಿ ಸೇವೆ ಸಲ್ಲಿಸಿದರು.

1968ರ ಯು.ಎಸ್. ಓಪನ್

1968ಕ್ಕೆ ಮೊದಲು ವಿಂಬಲ್ಡನ್‌ನಂತಹ ದೊಡ್ಡ ಪಂದ್ಯಾವಳಿಗಳಲ್ಲಿ ಹವ್ಯಾಸಿ ಆಟಗಾರರಿಗೆ ಮಾತ್ರ ಅವಕಾಶವಿತ್ತು. ಹಣಕ್ಕಾಗಿ ಆಡುವ ವೃತ್ತಿಪರರು ಹೊರಗುಳಿಯಬೇಕಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಬೋರ್ನ್‌ಮತ್‌ನಲ್ಲಿ ಇಬ್ಬರಿಗೂ ಮುಕ್ತವಾದ ಮೊದಲ ಪಂದ್ಯಾವಳಿ ನಡೆಯಿತು. ಟೆನಿಸ್ ಇತಿಹಾಸದಲ್ಲಿ ಇದನ್ನು ಮುಕ್ತ ಯುಗದ ಆರಂಭವೆಂದು ಕರೆಯುತ್ತಾರೆ.

ಆಗಸ್ಟ್‌ನಲ್ಲಿ ಆಶ್ ಅವರು ಬಾಬ್ ಲಟ್ಜ್ ಅವರನ್ನು ಸೋಲಿಸಿ ಅಮೆರಿಕದ ಹವ್ಯಾಸಿ ಚಾಂಪಿಯನ್ ಆದರು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ನಗರದ ಫಾರೆಸ್ಟ್ ಹಿಲ್ಸ್‌ನಲ್ಲಿ ಮೊದಲ ಯು.ಎಸ್. ಓಪನ್ ಆರಂಭವಾಯಿತು. ಅಲ್ಲಿನ ಅಂಕಣಗಳು ಆಗ ಹುಲ್ಲಿನವು. ಹುಲ್ಲಿನ ಮೇಲೆ ಚೆಂಡು ಹೆಚ್ಚು ಪುಟಿಯದೆ ವೇಗವಾಗಿ ಜಾರಿ ಮುಂದೆ ಸಾಗುತ್ತದೆ. ಬಲವಾದ ಸರ್ವ್ ಮಾಡಿ, ಕೂಡಲೇ ಬಲೆಯ ಬಳಿಗೆ ಧಾವಿಸಿ ವಾಲಿ ಹೊಡೆಯುವವರಿಗೆ ಇದು ಅನುಕೂಲ. ಆಶ್ ಅವರ ಆಟ ಇದೇ ಬಗೆಯದಾಗಿತ್ತು.

ಕ್ವಾರ್ಟರ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ಕ್ಲಿಫ್ ಡ್ರಿಸ್‌ಡೇಲ್, ಸೆಮಿಫೈನಲ್‌ನಲ್ಲಿ ಸ್ವದೇಶದ ಕ್ಲಾರ್ಕ್ ಗ್ರೇಬ್ನರ್ ಅವರನ್ನು ಆಶ್ ಸೋಲಿಸಿದರು. ಸೆಪ್ಟೆಂಬರ್ 9ರಂದು ನಡೆದ ಫೈನಲ್‌ನಲ್ಲಿ ನೆದರ್‌ಲೆಂಡ್ಸ್‌ನ ಟಾಮ್ ಆಕರ್ ಅವರನ್ನು 14–12, 5–7, 6–3, 3–6, 6–3ರಿಂದ ಮಣಿಸಿದರು. ಟೈಬ್ರೇಕರ್ ಪದ್ಧತಿ ಆ ಪಂದ್ಯಾವಳಿಗೆ ಬಂದುದು 1970ರಲ್ಲಿ. ಆದ್ದರಿಂದಲೇ ಮೊದಲ ಸೆಟ್ 26 ಗೇಮ್‌ಗಳವರೆಗೆ ಬೆಳೆಯಿತು.

ಸಿಂಗಲ್ಸ್ ವಿಜೇತರಿಗೆ ನಿಗದಿಯಾಗಿದ್ದ ಬಹುಮಾನ 14,000 ಡಾಲರ್. ಆಶ್ ಇನ್ನೂ ಹವ್ಯಾಸಿಯಾಗಿದ್ದುದರಿಂದ ಆ ಹಣವನ್ನು ಸ್ವೀಕರಿಸುವಂತಿರಲಿಲ್ಲ. ಅದು ಸೋತ ಆಕರ್ ಅವರ ಪಾಲಾಯಿತು. ಗೆದ್ದವರಿಗೆ ದೊರೆತದ್ದು ಪ್ರಶಸ್ತಿ ಮತ್ತು ದಿನಭತ್ಯೆ ಮಾತ್ರ. ಬಹುಮಾನ ವಿತರಣೆಯ ವೇಳೆ ತಂದೆಯವರು ಅಂಕಣದಲ್ಲಿ ಮಗನ ಪಕ್ಕದಲ್ಲಿ ನಿಂತಿದ್ದರು. ಒಂದೇ ವರ್ಷ ಹವ್ಯಾಸಿ ಮತ್ತು ಮುಕ್ತ ಎರಡೂ ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದ ಏಕೈಕ ಪುರುಷ ಆಟಗಾರ ಆಶ್.

ನಂತರದ ಆಟ

1970ರಲ್ಲಿ ಸಿಡ್ನಿಯಲ್ಲಿ ಡಿಕ್ ಕ್ರೀಲಿ ಅವರನ್ನು ನೇರ ಸೆಟ್‌ಗಳಿಂದ ಸೋಲಿಸಿ ಆಸ್ಟ್ರೇಲಿಯನ್ ಓಪನ್ ಗೆದ್ದರು. 1972ರ ಯು.ಎಸ್. ಓಪನ್ ಫೈನಲ್‌ನಲ್ಲಿ ರೊಮೇನಿಯಾದ ಇಲಿ ನಸ್ಟಾಸೆ ಅವರಿಗೆ ಐದು ಸೆಟ್‌ಗಳಲ್ಲಿ ಸೋತರು. ಅದೇ ವರ್ಷ ವೃತ್ತಿಪರ ಆಟಗಾರರ ಸಂಘದ ಸ್ಥಾಪನೆಯಲ್ಲಿ ಪಾಲ್ಗೊಂಡು, ಮುಂದೆ ಅದರ ಅಧ್ಯಕ್ಷರೂ ಆದರು.

1975ರ ವಿಂಬಲ್ಡನ್ ಫೈನಲ್‌ನಲ್ಲಿ ಇವರ ಎದುರಾಳಿ ಹಿಂದಿನ ವರ್ಷದ ವಿಜೇತ ಜಿಮ್ಮಿ ಕಾನರ್ಸ್. ಆಗ ಆಶ್ ಅವರ ವಯಸ್ಸು 31. ಕಾನರ್ಸ್ ಒಂಬತ್ತು ವರ್ಷ ಕಿರಿಯರು. ಎದುರಾಳಿಯ ವೇಗದ ಹೊಡೆತಗಳನ್ನೇ ಬಳಸಿಕೊಂಡು ತಿರುಗೇಟು ನೀಡುವುದು ಕಾನರ್ಸ್ ಅವರ ಬಲ. ಇದನ್ನು ಅರಿತ ಆಶ್ ತಮ್ಮ ಸಹಜ ವೇಗದ ಆಟವನ್ನು ಬದಿಗಿರಿಸಿ, ನಿಧಾನದ ಕೆಳಮಟ್ಟದ ಚೆಂಡುಗಳನ್ನೂ, ಅಂಕಣದ ಅಂಚಿಗೆ ಬಾಗಿ ಸಾಗುವ ಸರ್ವ್‌ಗಳನ್ನೂ ಪ್ರಯೋಗಿಸಿದರು. 6–1, 6–1, 5–7, 6–4ರಿಂದ ಜಯ ಇವರದಾಯಿತು.

ವರ್ಣಭೇದದ ವಿರುದ್ಧ ಹೋರಾಟ

ದಕ್ಷಿಣ ಆಫ್ರಿಕಾದ ಪಂದ್ಯಾವಳಿಯಲ್ಲಿ ಆಡಲು ಆಶ್ ಕೇಳಿದ ಪ್ರವೇಶಾನುಮತಿಯನ್ನು ಅಲ್ಲಿನ ಸರ್ಕಾರ ನಿರಾಕರಿಸಿತು. 1973ರಲ್ಲಿ ಅನುಮತಿ ದೊರೆತಾಗ, ಪ್ರೇಕ್ಷಕರ ಆಸನಗಳಲ್ಲಿ ವರ್ಣಭೇದ ಮಾಡಬಾರದೆಂಬ ಷರತ್ತಿನೊಡನೆ ಜೋಹಾನ್ಸ್‌ಬರ್ಗ್‌ಗೆ ತೆರಳಿದರು. ಸಿಂಗಲ್ಸ್ ಫೈನಲ್‌ನಲ್ಲಿ ಕಾನರ್ಸ್ ಅವರಿಗೆ ಸೋತರೂ, ಐದು ವರ್ಷಗಳ ಹಿಂದಿನ ಎದುರಾಳಿ ಆಕರ್ ಅವರೊಡನೆ ಡಬಲ್ಸ್ ಗೆದ್ದರು. ಇವರ ಭೇಟಿಯಿಂದ ಆ ಸರ್ಕಾರಕ್ಕೇ ಗೌರವ ಬರುತ್ತದೆಂದು ಅಲ್ಲಿನ ಕೆಲವು ಕಪ್ಪು ಜನರೇ ಟೀಕಿಸಿದರು.

ಮರುವರ್ಷ ಭಾರತ ಈ ಪ್ರಶ್ನೆಗೆ ಬೇರೆಯೇ ಉತ್ತರ ನೀಡಿತು. 1974ರ ಡೇವಿಸ್ ಕಪ್ ಫೈನಲ್ ತಲುಪಿದ ಭಾರತ, ವರ್ಣಭೇದ ನೀತಿಯನ್ನು ವಿರೋಧಿಸಿ ದಕ್ಷಿಣ ಆಫ್ರಿಕಾದೊಡನೆ ಆಡಲು ನಿರಾಕರಿಸಿ ಕಪ್ಪನ್ನೇ ಬಿಟ್ಟುಕೊಟ್ಟಿತು. ಆಶ್ ಅವರೂ ಕ್ರಮೇಣ ಬಹಿಷ್ಕಾರದ ಪರವಾಗಿ ನಿಂತರು. 1985ರಲ್ಲಿ ವಾಷಿಂಗ್ಟನ್‌ನ ದಕ್ಷಿಣ ಆಫ್ರಿಕಾ ರಾಯಭಾರ ಕಚೇರಿಯ ಮುಂದೆ ಪ್ರತಿಭಟಿಸಿ ಬಂಧನಕ್ಕೊಳಗಾದರು. ತೀರ್ಪನ್ನು ಪ್ರಶ್ನಿಸದಂತೆ ಕಲಿತು ಬೆಳೆದವರು ಕಾನೂನನ್ನೇ ಪ್ರಶ್ನಿಸುವಂತಾದುದು ಇವರ ಜೀವನದ ಮುಖ್ಯ ಬದಲಾವಣೆ.

ಅನಾರೋಗ್ಯ ಮತ್ತು ನಿಧನ

1977ರಲ್ಲಿ ಛಾಯಾಗ್ರಾಹಕಿ ಜೀನ್ ಮೌಟೂಸಾಮಿ ಅವರನ್ನು ವಿವಾಹವಾದರು. 1979ರಲ್ಲಿ ಹೃದಯಾಘಾತವಾಗಿ ಶಸ್ತ್ರಚಿಕಿತ್ಸೆ ನಡೆಯಿತು. ಮರುವರ್ಷ ಆಟದಿಂದ ನಿವೃತ್ತರಾದರು. ಡೇವಿಸ್ ಕಪ್ ತಂಡದ ನಾಯಕರಾಗಿ 1981 ಮತ್ತು 1982ರಲ್ಲಿ ಅಮೆರಿಕಕ್ಕೆ ಕಪ್ ತಂದುಕೊಟ್ಟರು. 1983ರ ಎರಡನೆಯ ಹೃದಯ ಶಸ್ತ್ರಚಿಕಿತ್ಸೆಯ ಬಳಿಕ ಪಡೆದ ರಕ್ತದಿಂದ ಎಚ್.ಐ.ವಿ. ಸೋಂಕು ತಗುಲಿತೆಂದು ನಂಬಲಾಗಿದೆ. 1988ರಲ್ಲಿ ಸೋಂಕು ಪತ್ತೆಯಾಯಿತು. ಅದೇ ವರ್ಷ ಅಮೆರಿಕದ ಕಪ್ಪು ಕ್ರೀಡಾಪಟುಗಳ ಇತಿಹಾಸವನ್ನು ಕುರಿತ ಇವರ ಮೂರು ಸಂಪುಟಗಳ ಗ್ರಂಥ ಪ್ರಕಟವಾಯಿತು.

ಪತ್ರಿಕೆಯೊಂದು ಸುದ್ದಿಯನ್ನು ಪ್ರಕಟಿಸಲಿದೆಯೆಂದು ತಿಳಿದಾಗ, ಏಪ್ರಿಲ್ 8, 1992ರಂದು ಆಶ್ ತಾವೇ ತಮ್ಮ ಕಾಯಿಲೆಯನ್ನು ಜಗತ್ತಿಗೆ ತಿಳಿಸಿದರು. ಏಡ್ಸ್ ಪೀಡಿತರನ್ನು ಸಮಾಜ ಭಯದಿಂದ ದೂರವಿಡುತ್ತಿದ್ದ ಕಾಲವದು. ರೋಗದ ಬಗ್ಗೆ ತಿಳಿವಳಿಕೆ ಮೂಡಿಸಲು ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. ಫೆಬ್ರವರಿ 6, 1993ರಂದು ನ್ಯೂಯಾರ್ಕ್‌ನಲ್ಲಿ, 49ನೆಯ ವಯಸ್ಸಿನಲ್ಲಿ ನಿಧನರಾದರು. ರಿಚ್ಮಂಡ್‌ನಲ್ಲಿ ಇವರ ಅಂತ್ಯಸಂಸ್ಕಾರ ನಡೆಯಿತು.

ಸ್ಮರಣೆ

* 1993: ಮರಣೋತ್ತರವಾಗಿ ಅಮೆರಿಕದ ಅಧ್ಯಕ್ಷರ ಸ್ವಾತಂತ್ರ್ಯ ಪದಕ.
* 1996: ರಿಚ್ಮಂಡ್ ನಗರದ ಮಾನ್ಯುಮೆಂಟ್ ಅವೆನ್ಯೂನಲ್ಲಿ ಪ್ರತಿಮೆಯ ಸ್ಥಾಪನೆ. ಬಾಲಕನಾಗಿದ್ದಾಗ ಬಿಳಿಯರ ಅಂಕಣಗಳಿಗೆ ಇವರನ್ನು ಬಿಡದಿದ್ದುದು ಇದೇ ನಗರ.
* 1997: ನ್ಯೂಯಾರ್ಕ್‌ನ ಫ್ಲಶಿಂಗ್ ಮೆಡೋಸ್‌ನಲ್ಲಿ ಆರ್ಥರ್ ಆಶ್ ಕ್ರೀಡಾಂಗಣದ ಉದ್ಘಾಟನೆ. ಯು.ಎಸ್. ಓಪನ್ ಫೈನಲ್ ಪಂದ್ಯಗಳು ಈಗ ಇಲ್ಲಿಯೇ ನಡೆಯುತ್ತವೆ.