ಪಂಡಿತಾ ರಮಾಬಾಯಿ: ಗಂಗಾಮೂಲದಲ್ಲಿ ಹುಟ್ಟಿ, ಪುಣೆಯಲ್ಲಿ ನೂರಾರು ಹೆಣ್ಣುಮಕ್ಕಳಿಗೆ ಆಸರೆಯಾದ ತಾಯಿ

ಗಂಡನನ್ನು ಕಳೆದುಕೊಂಡ ಹೆಂಗಸು ತನ್ನ ಒಬ್ಬಳೇ ಮಗಳನ್ನು ಸರಿಯಾಗಿ ಬೆಳೆಸಬಲ್ಲಳೇ? 19ನೇ ಶತಮಾನದ ಪುಣೆಯಲ್ಲಿ ಈ ಪ್ರಶ್ನೆಗೆ ಬಹುತೇಕರ ಉತ್ತರ ಇಲ್ಲ ಎಂದೇ ಆಗಿತ್ತು. ಅದೇ ಊರಿನಲ್ಲಿ ತಮ್ಮ ಮಗಳ ಜೊತೆಗೆ ಊರವರ ಮಕ್ಕಳನ್ನೂ ಸಾಕಿ ತೋರಿಸಿದವರು ಪಂಡಿತಾ ರಮಾಬಾಯಿ. ಅವರ ಬೇರು ಇರುವುದು ನಮ್ಮ ಕರ್ನಾಟಕದಲ್ಲಿ.

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳ ಬಳಿಯ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕೆ ಅವರು ಉಡುಪಿಯಲ್ಲಿ ಪಂಡಿತರ ಮುಂದೆ ಸಮಜಾಯಿಷಿ ಕೊಡಬೇಕಾಯಿತು. ಆ ತಾಯಿಯೇ ಮಗಳಿಗೆ ಗುರುವಾದರು. ಹಿರಿಯ ಮಗಳ ಬಾಲ್ಯವಿವಾಹ ದುಃಖದಲ್ಲಿ ಕೊನೆಗೊಂಡಿದ್ದರಿಂದ, ಕಿರಿಯಳಿಗೆ ಚಿಕ್ಕ ವಯಸ್ಸಿನಲ್ಲಿ ಮದುವೆ ಮಾಡುವುದಿಲ್ಲ ಎಂದು ತಂದೆ ತೀರ್ಮಾನಿಸಿದ್ದರು.

ಬರಗಾಲ ಕಿತ್ತುಕೊಂಡ ಮನೆ

ಪುರಾಣ ಓದುತ್ತಾ ತೀರ್ಥಕ್ಷೇತ್ರಗಳನ್ನು ಸುತ್ತುತ್ತಿದ್ದ ಈ ಕುಟುಂಬವನ್ನು 1870ರ ದಶಕದ ಬರಗಾಲ ನುಂಗಿಹಾಕಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣ ಶ್ರೀನಿವಾಸನ ಜೊತೆ ಸಾವಿರಾರು ಮೈಲಿ ನಡೆದು ರಮಾಬಾಯಿ 1878ರಲ್ಲಿ ಕಲ್ಕತ್ತಾ ತಲುಪಿದರು. ಅವರ ಸಂಸ್ಕೃತ ಪಾಂಡಿತ್ಯ ಕಂಡ ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಸ್ವಲ್ಪ ಕಾಲದಲ್ಲೇ ಅಣ್ಣನೂ ಇಲ್ಲವಾದರು.

1880ರಲ್ಲಿ ಜಾತಿಯ ಗಡಿ ದಾಟಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧ್ವಿ ಅವರನ್ನು ಮದುವೆಯಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. ಮರುವರ್ಷವೇ ಪತಿ ತೀರಿಕೊಂಡರು. 23ರ ಹರೆಯದ ವಿಧವೆ ಕೈಗೂಸಿನೊಂದಿಗೆ ಪುಣೆಗೆ ಬಂದರು. 1882ರಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ಹಾಜರಾಗಿ, ಹೆಣ್ಣುಮಕ್ಕಳಿಗೆ ಮಹಿಳಾ ಶಿಕ್ಷಕಿಯರು ಮತ್ತು ಮಹಿಳಾ ವೈದ್ಯರು ಬೇಕು ಎಂದು ವಾದಿಸಿದರು.

ಮಗಳು ಯಾರ ಸ್ವತ್ತು?

1883ರಲ್ಲಿ ಓದಲೆಂದು ಇಂಗ್ಲೆಂಡ್‌ಗೆ ಹೋದ ರಮಾಬಾಯಿ ಅಲ್ಲಿ ಮಗಳೊಂದಿಗೆ ಕ್ರೈಸ್ತ ಧರ್ಮ ಸ್ವೀಕರಿಸಿದರು. ಪುಣೆಯಲ್ಲಿ ದೊಡ್ಡ ಗದ್ದಲವೆದ್ದಿತು. ಆದರೆ ಹೊಸ ಧರ್ಮದವರೂ ಅವರನ್ನು ಸುಮ್ಮನೆ ಬಿಡಲಿಲ್ಲ. ಆಶ್ರಯ ಕೊಟ್ಟಿದ್ದ ಕ್ರೈಸ್ತ ಸನ್ಯಾಸಿನಿಯರು ಮನೋರಮಾಳ ಧಾರ್ಮಿಕ ಶಿಕ್ಷಣ ತಮ್ಮ ಪದ್ಧತಿಯಂತೆ ನಡೆಯಬೇಕೆಂದು ಬಯಸಿದರು. ಮಗಳ ವಿಷಯದಲ್ಲಿ ಕೊನೆಯ ಮಾತು ತಾಯಿಯದೇ ಎಂದು ರಮಾಬಾಯಿ ಪಟ್ಟು ಹಿಡಿದರು. ಇಲ್ಲಿ ಪುರೋಹಿತರು, ಅಲ್ಲಿ ಚರ್ಚು. ಒಂಟಿ ತಾಯಿಯ ತೀರ್ಮಾನವನ್ನು ಎರಡೂ ಕಡೆಯವರು ಅನುಮಾನದಿಂದಲೇ ನೋಡಿದರು.

1886ರಲ್ಲಿ ಅಮೆರಿಕಕ್ಕೆ ಹೋಗಿ, ಮೇಲ್ಜಾತಿಯ ಹಿಂದೂ ಹೆಣ್ಣುಮಕ್ಕಳ ಬದುಕಿನ ಬಗ್ಗೆ ಪುಸ್ತಕ ಬರೆದು ಹಣ ಕೂಡಿಸಿದರು. 1889ರ ಮಾರ್ಚ್ 11ರಂದು ಮುಂಬೈಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸುತ್ತಿದ್ದ ಹುಡುಗಿಯರು ಅಲ್ಲಿ ಓದು, ಕಸುಬು ಕಲಿತರು. ಅಲ್ಲಿ ಕಲಿತ ವಿಧವೆ ಗೋದೂಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆ ಅವರನ್ನು ಮರುಮದುವೆಯಾದರು.

ಅದೇ ವರ್ಷ ಸದನಕ್ಕೆ ದೊಡ್ಡ ಪೆಟ್ಟು ಬಿತ್ತು. ರಮಾಬಾಯಿಯ ಪ್ರಾರ್ಥನೆಗೆ ಕೆಲವು ಹುಡುಗಿಯರು ಬರುತ್ತಿದ್ದರು. ಧರ್ಮದ ವಿಷಯದಲ್ಲಿ ತಟಸ್ಥವಾಗಿರುತ್ತೇವೆಂಬ ಮಾತು ಮುರಿದಿದೆ ಎಂದು ತಿಲಕರ ಕೇಸರಿ ಪತ್ರಿಕೆ ಟೀಕಿಸಿತು. ಬೆಂಬಲಕ್ಕಿದ್ದ ರಾನಡೆ, ಭಂಡಾರ್ಕರ್ ಸಲಹಾ ಮಂಡಳಿಯಿಂದ ಹೊರನಡೆದರು. ಪೋಷಕರು ಮಕ್ಕಳನ್ನು ಕರೆದೊಯ್ದರು. ಪೋಷಕರ ಆತಂಕದಲ್ಲಿ ನ್ಯಾಯವಿತ್ತು. ಆದರೆ ವಾಪಸಾದ ಬಾಲವಿಧವೆಗೆ ಆ ಮನೆಯಲ್ಲಿ ಓದು ಸಿಗುತ್ತದೆಯೇ ಎಂದು ಆ ಜಗಳದಲ್ಲಿ ಕೇಳಿದವರು ಕಡಿಮೆ.

ಬರ, ಪ್ಲೇಗ್ ಮತ್ತು ಕೇಡಗಾಂವ್

1896–97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ ಬಿದ್ದಾಗ ರಮಾಬಾಯಿ ಸ್ವತಃ ಅಲ್ಲಿಗೆ ಹೊರಟರು. ಹಸಿದ ಹುಡುಗಿಯರನ್ನು ದಲ್ಲಾಳಿಗಳು ಕೊಂಡೊಯ್ಯುವ ಭಯವಿತ್ತು. ಹಸಿವು ಏನೆಂಬುದು ಅವರಿಗೆ ಗೊತ್ತಿತ್ತು. ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗ್ ಹರಡಿ, ಸದನದಲ್ಲಿ ಹೊಸಬರನ್ನು ಇಟ್ಟುಕೊಳ್ಳಲು ಅಧಿಕಾರಿಗಳು ಬಿಡಲಿಲ್ಲ. ಹಣ್ಣಿನ ತೋಟಕ್ಕೆಂದು ಕೇಡಗಾಂವ್‌ನಲ್ಲಿ ಕೊಂಡಿದ್ದ ಜಮೀನಿನಲ್ಲಿ ಗುಡಿಸಲು ಹಾಕಿದರು. ಅದೇ ಮುಂದೆ ಮುಕ್ತಿ ಸದನವಾಯಿತು. ಪುಣೆಯ ಸರ್ಕಾರಿ ಪ್ಲೇಗ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳಿಗೆ ಸುರಕ್ಷತೆ ಇಲ್ಲವೆಂದು ಪತ್ರಿಕೆಗೆ ಬರೆದು ಬ್ರಿಟಿಷ್ ಆಡಳಿತವನ್ನೂ ಎದುರು ಹಾಕಿಕೊಂಡರು.

1900ರ ಹೊತ್ತಿಗೆ ಮುಕ್ತಿಯಲ್ಲಿ 2,000ದ ಹತ್ತಿರ ಜನರಿದ್ದರು. ಅಲ್ಲಿ ಹುಡುಗಿಯರು ಅಡುಗೆ, ಹೊಲಿಗೆಗೆ ಸೀಮಿತವಾಗಲಿಲ್ಲ. ಗಾಣ ನಡೆಸಿದರು, ನೇಯ್ದರು, ಹೊಲ ಉತ್ತರು, ಅಚ್ಚುಮೊಳೆ ಜೋಡಿಸಿ ಪುಸ್ತಕ ಮುದ್ರಿಸಿದರು. ಸಮಾಜ ಕೆಟ್ಟವರೆಂದು ಹೊರಹಾಕಿದ ಹೆಂಗಸರಿಗೆ ಕೃಪಾ ಸದನವಿತ್ತು. ಆದರೆ ಈ ಆಸರೆ ಈಗ ಪೂರ್ತಿ ಕ್ರೈಸ್ತ ಸಂಸ್ಥೆಯಾಗಿತ್ತು. ಆ ಟೀಕೆ ಕೊನೆಯವರೆಗೂ ಅವರ ಬೆನ್ನು ಬಿಡಲಿಲ್ಲ.

ಮನೋರಮಾ ಬೆಳೆದು ತಾಯಿಗೆ ಹೆಗಲಾದರು. ಅಂಧ ಹುಡುಗಿಯರಿಗೆ ಬ್ರೈಲ್ ಕಲಿಸಿದರು, ನಿಜಾಮನ ಸೀಮೆಯಲ್ಲಿದ್ದ ಗುಲ್ಬರ್ಗಾದಲ್ಲಿ ಶಾಲೆ ಆರಂಭಿಸಲು ದುಡಿದರು. ಆದರೆ 1921ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು. ಒಂಬತ್ತು ತಿಂಗಳೊಳಗೆ, 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಮುಚ್ಚಿದರು.

1956ರ ಹಿಂದೂ ಅಪ್ರಾಪ್ತ ಮತ್ತು ಪೋಷಕತ್ವ ಕಾಯ್ದೆಯಲ್ಲೂ ಮಗುವಿನ ಸಹಜ ಪೋಷಕ ತಂದೆ, ಅವನ ನಂತರವೇ ತಾಯಿ. ತಂದೆ ಬದುಕಿದ್ದರೂ ಕೆಲವು ಸಂದರ್ಭಗಳಲ್ಲಿ ತಾಯಿ ಪೋಷಕಿ ಆಗಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1999ರಲ್ಲಿ, ಗೀತಾ ಹರಿಹರನ್ ಪ್ರಕರಣದಲ್ಲಿ. ರಮಾಬಾಯಿ ಅದೇ ಹಕ್ಕಿಗಾಗಿ ವಾದಿಸಿ ಅಷ್ಟರಲ್ಲಿ ನೂರು ವರ್ಷ ದಾಟಿತ್ತು. ಕೇಡಗಾಂವ್‌ನ ಮುಕ್ತಿ ಇಂದಿಗೂ ಆಸರೆ ಇಲ್ಲದ ಹೆಂಗಸರು, ಮಕ್ಕಳನ್ನು ನೋಡಿಕೊಳ್ಳುತ್ತಿದೆ.