ಪೋಲಿತನದೊಳಗಿನ ಗಟ್ಟಿ

ಇಂಗ್ಲಿಷಿನ ‘ರೌಡಿ’ ಕನ್ನಡಕ್ಕೆ ಬಂದು ಪೊಲೀಸ್ ಠಾಣೆಯ ಪಟ್ಟಿ ಸೇರಿತು. ತವರಿನಲ್ಲಿ ಅದಕ್ಕೆ ಅಷ್ಟು ಕೆಟ್ಟ ಹೆಸರಿಲ್ಲ. ಕೂಗಾಡುವ ಶಾಲಾಮಕ್ಕಳ ಗುಂಪನ್ನೂ ಅಲ್ಲಿ ಹಾಗೆ ಕರೆಯುವುದುಂಟು. ‘ಜಾಲಿ’ ಮಾತ್ರ ಹೇಗೋ ತನ್ನ ಮುಗ್ಧತೆಯನ್ನು ಉಳಿಸಿಕೊಂಡಿದೆ. ‘ಬಾಯ್ಸ್ಟರಸ್’ ಎಂಬುದನ್ನಂತೂ ಗದ್ದಲ, ಹುಡುಗಾಟ, ಪುಂಡಾಟ ಎಂದು ಎಷ್ಟು ಬಗೆಯಲ್ಲಿ ಹೇಳಿದರೂ ಅರ್ಥದ ಒಂದು ಅಂಚು ಹೊರಗೇ ಉಳಿಯುತ್ತದೆ. ಆ ಅಂಚನ್ನು ಬಲ್ಲ ಕನ್ನಡಿಗರೊಬ್ಬರಿದ್ದರು: ತ್ಯಾಗರಾಜ ಪರಮಶಿವ ಕೈಲಾಸಂ.

1884ರಲ್ಲಿ ಜನಿಸಿದ ಕೈಲಾಸಂ ತಮಿಳು ಮೂಲದ ಪ್ರತಿಷ್ಠಿತ ಕುಟುಂಬದವರು. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದ ನ್ಯಾಯಾಧೀಶರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ ಮಗ ಭೂವಿಜ್ಞಾನ ಕಲಿಯಲು ಲಂಡನ್ನಿಗೆ ಹೋದರು. ಪಾಠದ ಜೊತೆಗೆ ಫುಟ್‌ಬಾಲ್ ಮೈದಾನವೂ ನಾಟಕಶಾಲೆಗಳೂ ಮ್ಯೂಸಿಕ್ ಹಾಲ್‌ಗಳ ಗದ್ದಲವೂ ಅವರಿಗೆ ಮೈಗೂಡಿದವು. ಹಿಂದಿರುಗಿ ಸಂಸ್ಥಾನದ ಭೂವಿಜ್ಞಾನ ಇಲಾಖೆಯನ್ನು ಸೇರಿದರಾದರೂ ಆ ನೌಕರಿ ಬಹುಕಾಲ ನಿಲ್ಲಲಿಲ್ಲ. ನ್ಯಾಯಾಧೀಶರ ಮಗ, ಲಂಡನ್ನಿನಲ್ಲಿ ಓದಿದವರು, ಕೈತುಂಬ ಸಂಬಳದ ಹುದ್ದೆಯನ್ನು ಬಿಟ್ಟು ನಾಟಕದವರಾದರೆಂದರೆ ಅಂದಿನ ಸಭ್ಯ ಸಮಾಜದ ಕಣ್ಣಿಗೆ ಅದೂ ಒಂದು ಬಗೆಯ ಪೋಲಿತನವೇ ಆಗಿದ್ದಿರಬೇಕು.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸಿಪಾಯಿಗಳು ಹಾಡುತ್ತಿದ್ದ ಟಿಪ್ಪರರಿಯ ಹಾಡನ್ನು ಕೈಲಾಸಂ ತಿಪ್ಪಾರಹಳ್ಳಿಗೆ ಕರೆತಂದರು. ಕಾನ್‌ಸ್ಟಾಂಟಿನೋಪಲ್ ಎಂಬ ಹೆಸರನ್ನು ಅಕ್ಷರ ಬಿಡಿಸಿ ಹಾಡುವ ಇಂಗ್ಲಿಷ್ ಗೀತೆಯೊಂದು ಅವರ ಕೈಯಲ್ಲಿ ಕೋಳೀಕೆ ರಂಗನ ಹಾಡಾಯಿತು. ಮೂಲದ ಮಟ್ಟು ಹಾಗೆಯೇ ಇದೆ. ಹಾಡುವವನು ಮಾತ್ರ ಅಪ್ಪಟ ನಮ್ಮ ಹಳ್ಳಿಗ. ಇದನ್ನು ಅನುವಾದವೆನ್ನಲು ನನಗೆ ಮನಸ್ಸು ಬಾರದು.

ನಾಟಕಗಳಲ್ಲಿಯೂ ಆಟದ ಸದ್ದೇ ಮೊದಲು ಕೇಳಿಸುತ್ತದೆ. ‘ಟೊಳ್ಳು ಗಟ್ಟಿ’ಯಲ್ಲಿ ಪುಸ್ತಕದ ಹುಳುವಾದ ಪುಟ್ಟು ಮನೆಯವರ ಹೆಮ್ಮೆ, ಓದಿನಲ್ಲಿ ಹಿಂದಾದ ಮಾಧು ಬೈಗುಳಕ್ಕೆ ಗುರಿ. ಮನೆಗೆ ಬೆಂಕಿ ಬಿದ್ದಾಗ ಕೈಗೆ ಬರುವವನು ಮಾಧು. ‘ಪೋಲಿ ಕಿಟ್ಟಿ’ಯಲ್ಲಿ ಬೈಗುಳವೇ ಹುಡುಗನ ಹೆಸರಿಗೆ ಅಂಟಿದೆ, ಒಳಗಿರುವವನು ಪರೋಪಕಾರಿ. ಅಂಕಪಟ್ಟಿಯನ್ನು ಹಿಡಿದು ಮಕ್ಕಳನ್ನು ತೂಗುವ ನಮ್ಮಂಥ ಮಧ್ಯಮವರ್ಗದ ಮನೆಗಳಿಗೆ ಈ ಎರಡು ನಾಟಕಗಳು ಇಂದಿಗೂ ಸುಖವಾಗಿ ನಗಲು ಬಿಡವು. ‘ತಾಳೀ ಕಟ್ಟೋಕ್ಕೂಲೀನೇ’, ‘ಬಹಿಷ್ಕಾರ’ಗಳಲ್ಲಿ ವರದಕ್ಷಿಣೆ, ಜಾತಿಕಟ್ಟುಗಳ ಕ್ರೌರ್ಯವೇ ಎದುರಿಗೆ ಬಂದು ನಿಲ್ಲುತ್ತದೆ.

ಅವರ ಕನ್ನಡ ಕಲಬೆರಕೆಯೆಂದು ಮೂಗು ಮುರಿದವರಿದ್ದರು. ಇಂಗ್ಲಿಷ್ ಕಲಿತ ಮನೆಗಳ ಮಾತನ್ನು ಅವರು ಇದ್ದಂತೆಯೇ ರಂಗಕ್ಕೆ ತಂದರು, ಬಡಾಯಿಯ ವಕೀಲ ಅಹೋಬ್ಲು ಅದಕ್ಕೆ ಸಾಕ್ಷಿ. ನಾನಿರುವ ಅರಸೀಕೆರೆಯಲ್ಲಿ ಹವ್ಯಾಸಿಗಳು ಆ ಪ್ರಹಸನಗಳನ್ನು ಆಡಿದಾಗ ಗಮನಿಸಿದ್ದೇನೆ: ಅಂದು ನಗೆಯುಕ್ಕಿಸಿದ ಇಂಗ್ಲಿಷ್ ಪದಗಳು ಈಗ ಸಭಿಕರ ಮನೆಮಾತಾಗಿಬಿಟ್ಟಿವೆ, ನಗು ಹೊರಡುವುದೇ ತಡ. ಬೇಲೂರು, ಹಳೇಬೀಡುಗಳಲ್ಲಿ ಮದನಿಕೆಯ ಮುಂದೆ ನಿಂತು ಎರಡು ಭಾಷೆಗಳನ್ನು ಒಂದೇ ಉಸಿರಿನಲ್ಲಿ ಬೆರೆಸಿ ಚಟಾಕಿ ಹಾರಿಸುವ ಗೈಡುಗಳನ್ನು ಕೈಲಾಸಂ ಕೇಳಿದ್ದರೆ ಒಂದು ಪ್ರಹಸನ ಖಂಡಿತ ಸಿಕ್ಕುತ್ತಿತ್ತು. ಅಲ್ಲಿಯ ಬಳಪದ ಕಲ್ಲು ಕೆತ್ತುವಾಗ ಮೆತ್ತಗಿದ್ದು ಗಾಳಿಗೆ ಬಿದ್ದಂತೆ ಗಟ್ಟಿಯಾಗುವುದೆಂಬುದು ಭೂವಿಜ್ಞಾನಿಯಾದ ಅವರಿಗೆ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ.

ಅಚ್ಚರಿಯೆಂದರೆ, ಇಂಗ್ಲಿಷಿನಲ್ಲಿ ನಾಟಕ ಬರೆದಾಗ ಈ ಮನುಷ್ಯ ನಗಲೇ ಇಲ್ಲ. ಅಲ್ಲಿ ಬರುವವರು ಏಕಲವ್ಯ, ಕರ್ಣ, ಕೀಚಕ. ಆ ಭಾಷೆಯೂ ಹಳೆಯ ಕಾಲದ ಗಂಭೀರ ಇಂಗ್ಲಿಷು. ಯೋಗ್ಯತೆಯಿದ್ದೂ ಹೊರಗೆ ನಿಂತ ಏಕಲವ್ಯ, ಕರ್ಣರು ಕಿಟ್ಟಿ, ಮಾಧುಗಳ ಅಣ್ಣಂದಿರೆಂದೇ ನನ್ನ ಎಣಿಕೆ.

1945ರಲ್ಲಿ ಮದರಾಸಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದಿತು. ಮರುವರ್ಷವೇ ತೀರಿಕೊಂಡರು. ಲೇಖನಿ ಹಿಡಿದು ಕೂರುವುದು ಅವರ ಸ್ವಭಾವವಾಗಿರಲಿಲ್ಲ. ಇಡೀ ನಾಟಕವನ್ನು ತಲೆಯಲ್ಲಿಟ್ಟುಕೊಂಡು, ಸಿಗರೇಟಿನ ಹೊಗೆಯ ನಡುವೆ ಎಲ್ಲ ಪಾತ್ರಗಳನ್ನೂ ತಾವೇ ಆಡಿ ತೋರಿಸುತ್ತಿದ್ದರು. ಇಂದು ನಮಗೆ ದೊರೆತಿರುವವುಗಳಲ್ಲಿ ಹಲವು, ಅವರು ಹೇಳುತ್ತಿದ್ದಂತೆ ಗೆಳೆಯರು ಬರೆದುಕೊಂಡವು. ಬರೆದುಕೊಳ್ಳುವವರು ಹತ್ತಿರವಿಲ್ಲದ ಸಂಜೆಗಳಲ್ಲಿ ಆಡಿದವು ಆ ಸಂಜೆಗಳೊಂದಿಗೇ ಹೋದವು.