ಪಗನಿನಿಯ ಪಿಟೀಲು

ಇಟಲಿಯ ವಾಯವ್ಯ ಕರಾವಳಿಯಲ್ಲಿ ಜಿನೋವಾ ಎಂಬ ಪ್ರಾಚೀನ ರೇವುಪಟ್ಟಣವಿದೆ. ನಿಕೊಲೊ ಪಗನಿನಿಯು 1782ರ ಅಕ್ಟೋಬರ್ 27ರಂದು ಅಲ್ಲಿ ಜನಿಸಿದನು. ಬಡಕುಟುಂಬದ ತಂದೆ ಅಂತೋನಿಯೊ ಬಂದರಿನ ದುಡಿಮೆಯಿಂದ ಸಂಸಾರವನ್ನು ಸಾಕುತ್ತಿದ್ದನು. ಬಿಡುವಿನಲ್ಲಿ ಮ್ಯಾಂಡೊಲಿನ್ ನುಡಿಸುತ್ತಿದ್ದನು. ಬಾಲಕನ ಕೈಗೆ ಮೊದಲು ಬಂದದ್ದೂ ಅದೇ ವಾದ್ಯ. ಏಳನೆಯ ವಯಸ್ಸಿನಲ್ಲಿ ಅವನು ಪಿಟೀಲು ಹಿಡಿದನು. ತಂದೆಯ ಶಿಸ್ತು ಕಠೋರವಾಗಿತ್ತು. ಆಟಪಾಟಗಳಿಗೆ ಅವಕಾಶವಿಲ್ಲದೆ ದಿನದ ಬಹುಭಾಗವು ಸಾಧನೆಯಲ್ಲಿಯೇ ಕಳೆಯುತ್ತಿತ್ತು.

ತಾರುಣ್ಯದಲ್ಲಿ ಆ ಹಿಡಿತ ಸಡಿಲವಾಯಿತು. ಕೈಯಲ್ಲಿ ಹಣವಾಡತೊಡಗಿತು, ಜೂಜಿನ ಚಟವೂ ಅಂಟಿಕೊಂಡಿತು. ಒಮ್ಮೆ ಲಿವೋರ್ನೊ ಪಟ್ಟಣದಲ್ಲಿ ಕಚೇರಿ ಗೊತ್ತಾಗಿತ್ತು. ಆದರೆ ನುಡಿಸಲು ಪಿಟೀಲೇ ಇರಲಿಲ್ಲ. ಅದು ಜೂಜಿಗೆ ಬಲಿಯಾಗಿತ್ತೆಂದು ಹೇಳುತ್ತಾರೆ. ಆಗ ಲಿವ್ರೋನ್ ಎಂಬ ಫ್ರೆಂಚ್ ವರ್ತಕನು ತನ್ನಲ್ಲಿದ್ದ ಹಳೆಯ ಪಿಟೀಲನ್ನು ಎರವಲು ಕೊಟ್ಟನು. ಕಚೇರಿ ಮುಗಿದ ಮೇಲೆ ಅದನ್ನು ಹಿಂದಕ್ಕೆ ಪಡೆಯಲು ಆ ವರ್ತಕನಿಗೆ ಮನಸ್ಸು ಬರಲಿಲ್ಲ, ಪಗನಿನಿಗೇ ಬಿಟ್ಟುಕೊಟ್ಟನು.

ಅದು ಸಾಮಾನ್ಯ ವಾದ್ಯವಾಗಿರಲಿಲ್ಲ. ಕ್ರೆಮೋನ ನಗರದ ಪ್ರಸಿದ್ಧ ಶಿಲ್ಪಿ ಜುಸೆಪ್ಪೆ ಗ್ವಾರ್ನೇರಿಯು 1743ರಲ್ಲಿ, ತನ್ನ ಮರಣಕ್ಕೆ ಒಂದು ವರ್ಷ ಮೊದಲು, ಅದನ್ನು ನಿರ್ಮಿಸಿದ್ದನು. ಅದರ ಹಲಗೆಗಳು ಇತರ ಪಿಟೀಲುಗಳ ಹಲಗೆಗಳಿಗಿಂತ ದಪ್ಪ. ನಾದವು ಗಂಭೀರವಾಗಿಯೂ ಪ್ರಬಲವಾಗಿಯೂ ಹೊಮ್ಮುತ್ತಿದ್ದುದರಿಂದ ಪಗನಿನಿ ಅದನ್ನು ತನ್ನ ಫಿರಂಗಿಯೆಂದು ಕರೆದನು. ಆದರೂ ಚಟ ಬಿಡಲಿಲ್ಲ. ಅರಸುಮನೆತನದ ಒಬ್ಬನು ಆ ಪಿಟೀಲಿಗೆ ಎರಡು ಸಾವಿರ ಫ್ರಾಂಕುಗಳನ್ನು ಕೊಡಲು ಮುಂದಾದಾಗ ಸಾಲದಲ್ಲಿ ಮುಳುಗಿದ್ದ ಪಗನಿನಿ ಅದನ್ನು ಮಾರಲೂ ಸಿದ್ಧನಾಗಿದ್ದನು. ಕೊನೆಯ ಮೂರು ಫ್ರಾಂಕುಗಳನ್ನು ಪಣವಾಗಿಟ್ಟು ಗೆದ್ದುದರಿಂದ ಪಿಟೀಲು ಉಳಿಯಿತು. ಅಂದಿಗೇ ಜೂಜನ್ನು ತೊರೆದುದಾಗಿ ಅವನು ಹೇಳಿಕೊಂಡಿದ್ದಾನೆ. ಅದನ್ನು ಪೂರ್ಣವಾಗಿ ನಂಬುವುದು ಕಷ್ಟ. ಏಕೆಂದರೆ 1837ರಲ್ಲಿ ಪ್ಯಾರಿಸಿನಲ್ಲಿ ತನ್ನ ಹೆಸರಿನಲ್ಲೇ ತೆರೆದ ಕಸಿನೊ ಒಂದಕ್ಕೆ ಹಣ ಹೂಡಿ ಅವನು ಅಪಾರ ನಷ್ಟಕ್ಕೊಳಗಾದನು.

1828ರಲ್ಲಿ ವಿಯೆನ್ನಾಕ್ಕೆ ಹೋದಂದಿನಿಂದ ಅವನ ಕೀರ್ತಿ ಯೂರೋಪಿನಲ್ಲೆಲ್ಲ ಹರಡಿತು. ಒಂದೇ ತಂತಿಯ ಮೇಲೆ ಇಡೀ ಕೃತಿಯನ್ನು ನುಡಿಸಬಲ್ಲ ಈ ಕೃಶಕಾಯನು ಪಿಶಾಚಿಗೆ ಆತ್ಮವನ್ನು ಮಾರಿಕೊಂಡಿದ್ದಾನೆಂದು ಜನರು ಪಿಸುಗುಟ್ಟಿದರು. ಬಾಲ್ಯದ ಸಾಧನೆಯನ್ನು ಅವರು ಕಂಡಿರಲಿಲ್ಲ. ಸಂಪತ್ತು ಬಂದಂತೆ ಸ್ಟ್ರಾಡಿವಾರಿಯಂತಹ ಮಹಾಶಿಲ್ಪಿಯ ವಾದ್ಯಗಳನ್ನೂ ಅವನು ಸಂಗ್ರಹಿಸಿದನು. ಆದರೂ ಅವನ ನೆಚ್ಚಿನ ಸಂಗಾತಿಯಾಗಿ ಉಳಿದುದು ಆ ಫಿರಂಗಿಯೇ.

1830ರ ದಶಕದಲ್ಲಿ ಅದಕ್ಕೆ ದುರಸ್ತಿ ಬೇಕಾಯಿತು. ಪಗನಿನಿ ಅದನ್ನು ಪ್ಯಾರಿಸಿನ ವಿಯೋಮ್ ಎಂಬ ನಿಪುಣ ಶಿಲ್ಪಿಗೆ ಒಪ್ಪಿಸಿದನು. ವಿಯೋಮನು ದುರಸ್ತಿಯೊಂದಿಗೆ ನಿಲ್ಲದೆ, ಅದೇ ಅಳತೆ, ಅದೇ ಬಾಗು, ಅದೇ ಬಣ್ಣದ ಇನ್ನೊಂದು ಪಿಟೀಲನ್ನು ನಿರ್ಮಿಸಿದನು. ಎರಡನ್ನೂ ಒಟ್ಟಿಗೆ ಮುಂದಿಟ್ಟಾಗ ಪಗನಿನಿಯು ದಿಗ್ಭ್ರಾಂತನಾದನಂತೆ. ಹಲವು ವರ್ಷಗಳ ಕಾಲ ತನ್ನ ಗದ್ದದ ಕೆಳಗಿದ್ದ ವಾದ್ಯ ಯಾವುದೆಂದು ಅವನ ಕಣ್ಣು ಹೇಳದಾಯಿತು. ಆಗ ಎರಡನ್ನೂ ನುಡಿಸಿ ನೋಡಿದನು. ಹೊಸದೂ ಇಂಪಾಗಿಯೇ ನುಡಿಯಿತು; ಯಾವ ಕಲಾವಿದನೂ ಅದನ್ನು ಹೆಮ್ಮೆಯಿಂದ ಹಿಡಿಯಬಹುದಾಗಿತ್ತು. ಆದರೆ ನಾದದಲ್ಲಿ ಸೂಕ್ಷ್ಮವಾದ ವ್ಯತ್ಯಾಸವಿತ್ತು. ಶಿಲ್ಪಿಯು ಅಳತೆಯನ್ನು ನಕಲು ಮಾಡಬಲ್ಲನು. ಆದರೆ ಒಂದೊಂದು ಮರದ ತುಂಡೂ ತನ್ನದೇ ಆದ ರೀತಿಯಲ್ಲಿ ಕಂಪಿಸುತ್ತದೆ. ಆ ವ್ಯತ್ಯಾಸದಿಂದ ಪಗನಿನಿ ತನ್ನ ಪಿಟೀಲನ್ನು ಗುರುತಿಸಿದನು.

ಹೊಸ ವಾದ್ಯವನ್ನು ಅವನು ಕಡೆಗಣಿಸಲಿಲ್ಲ. ಜಿನೋವಾದವನೇ ಆದ ಶಿಷ್ಯ ಸಿವೋರಿಗೆ ಅದು ಸೇರಿತು. ಸಿವೋರಿ ಅದನ್ನು ಕಚೇರಿಗಳಲ್ಲಿ ಬಹುಕಾಲ ನುಡಿಸಿ ಅದಕ್ಕೂ ಹೆಸರು ತಂದನು.

ಅಷ್ಟರಲ್ಲಿ ರೋಗವು ಪಗನಿನಿಯ ಧ್ವನಿಯನ್ನೇ ಕಸಿದುಕೊಂಡಿತ್ತು. 1840ರ ಮೇ 27ರಂದು ನೀಸ್ ನಗರದಲ್ಲಿ ಅವನು ಮರಣ ಹೊಂದಿದನು. ಪಿಶಾಚಿಯ ಅಪವಾದ ಅಲ್ಲಿಗೂ ಅವನನ್ನು ಬಿಡಲಿಲ್ಲ. ಕೊನೆಯ ಸಂಸ್ಕಾರವನ್ನು ಪಡೆಯದೆ ಸತ್ತನೆಂದು ಚರ್ಚು ಪವಿತ್ರ ಭೂಮಿಯಲ್ಲಿ ಶವಸಂಸ್ಕಾರಕ್ಕೆ ಒಪ್ಪಲಿಲ್ಲ. ಪಾರ್ಮಾ ನಗರದ ಸ್ಮಶಾನದಲ್ಲಿ ಅವನ ದೇಹಕ್ಕೆ ನೆಲೆ ದೊರೆತುದು 1876ರಲ್ಲಿ.

ತನ್ನ ಪಿಟೀಲನ್ನು ಮಾತ್ರ ಅವನು ಮೊದಲೇ ಜೋಪಾನದ ಕೈಗೆ ಒಪ್ಪಿಸಿದ್ದನು. ಅದು ಜಿನೋವಾ ನಗರಕ್ಕೆ ಸಲ್ಲಬೇಕೆಂದೂ ಅಲ್ಲಿಯೇ ಶಾಶ್ವತವಾಗಿ ಉಳಿಯಬೇಕೆಂದೂ ಉಯಿಲಿನಲ್ಲಿ ಬರೆದಿದ್ದನು. 1851ರಲ್ಲಿ ಮಗ ಆಕಿಲ್ಲೆಯು ಅದನ್ನು ನಗರಕ್ಕೆ ಒಪ್ಪಿಸಿದನು. ಸಿವೋರಿಯ ಪಿಟೀಲೂ ಅದೇ ನಗರವನ್ನು ಸೇರಿತು. ಇಂದು ಆ ಎರಡು ಪಿಟೀಲುಗಳೂ ಅಲ್ಲಿನ ಪುರಭವನವಾದ ತುರ್ಸಿ ಅರಮನೆಯಲ್ಲಿವೆ. ಜಿನೋವಾದ ಪಿಟೀಲು ಸ್ಪರ್ಧೆಯಲ್ಲಿ ಗೆದ್ದವರಿಗೆ ಫಿರಂಗಿಯನ್ನು ನುಡಿಸುವ ಗೌರವ ದೊರೆಯುತ್ತದೆ.